ಟ್ರೇಲರಿಗೆ ಅರ್ಥ ಆಗಿಲ್ಲ

ಬ್ರೇಕ್ ಒತ್ತಿದರೆ ಟ್ರೇಲರಿನ ಇಂಡಿಕೇಟರ್ ಮಿಣುಕುತ್ತಿತ್ತು. ಇಂಡಿಕೇಟರ್ ಹಾಕಿದರೆ ಬ್ರೇಕ್ ದೀಪ ಕಣ್ಣು ಹೊಡೆಯುತ್ತಿತ್ತು. ಎರಡನ್ನೂ ಒಟ್ಟಿಗೆ ಹಾಕಿದರೆ ಯಾವುದೂ ಹತ್ತುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಶಾಲೆಯಲ್ಲಿ ಪದ್ಯಗಳ ಅರ್ಥ ಬಿಡಿಸಿ ಹೇಳುತ್ತ ಬಂದ ಮೇಷ್ಟ್ರಿಗೆ, ತಮ್ಮದೇ ಜೀಪಿನ ಹಿಂದೆ ಕಟ್ಟಿದ ಈ ಟ್ರೇಲರ್ ಮಾತ್ರ ಬಿಡಿಸಲಾಗದ ಒಗಟಾಗಿತ್ತು.

ಟ್ರೇಲರಿನಲ್ಲಿ ಇದ್ದದ್ದು ಹೆಂಡತಿಯ ನಾಲ್ಕು ಹೊಲಿಗೆ ಮಷೀನು. ನಾಳೆ ಬೆಳಗ್ಗೆ ಹೊಳೆಯಾಚೆ ಅವಳ ಹೊಸ ಟೈಲರಿಂಗ್ ಅಂಗಡಿ ಶುರುವಾಗಬೇಕು. ಬಾಡಿಗೆ ಲಾರಿಗೆ ಹೇಳೋಣ ಎಂದು ಅವಳು ಬಡಕೊಂಡಿದ್ದಳು. ಮೇಷ್ಟ್ರು ನಾನಿರುವಾಗ ಲಾರಿ ಯಾಕೆ ಎಂದು ಗೆಳೆಯನ ಟ್ರೇಲರ್ ತಂದಿದ್ದರು. ನಿನ್ನೆ ಸೇತುವೆಯ ಹತ್ತಿರ ಪೊಲೀಸಿನವನು ಹಿಂದಿನ ದೀಪಗಳ ಕುಣಿತ ನೋಡಿ ವಾಪಸ್ ಕಳಿಸಿದ. ಇವತ್ತು ಸಂಜೆ ಐದಕ್ಕೆ ರಿಪೇರಿಗೆಂದು ಸೇತುವೆ ಮುಚ್ಚಿದರೆ ಮತ್ತೆ ತೆರೆಯುವುದು ಮೂರು ದಿನದ ಮೇಲೆ. ಹೆಂಡತಿ ಆಗಲೇ ಆಚೆ ದಡದಲ್ಲಿ ಖಾಲಿ ಅಂಗಡಿ ಗುಡಿಸಿ, ಒರೆಸಿ ಕಾಯುತ್ತಿದ್ದಳು.

ಬೆಳಗ್ಗೆ ಎದ್ದವರೇ ಮೇಷ್ಟ್ರು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ ದೀಪಗಳ ಹುಚ್ಚಾಟವನ್ನೆಲ್ಲ ವರದಿ ಒಪ್ಪಿಸಿದರು. ಕೊನೆಗೆ, "ನಂಗೆ ಒಂದೂ ಅರ್ಥ ಆಗ್ತಿಲ್ಲ" ಎಂದರು.

"ಅದೇ ಸಾರ್ ನಾನೂ ಹೇಳೋದು. ಅರ್ಥ ಆಗ್ತಿಲ್ಲ. ಎಲ್ಲೋ ನಟ್ಟು ಲೂಸಾಗಿದೆ, ನೋಡ್ಕೊಳ್ಳಿ" ಎಂದ ಅವನು.

ಮೇಷ್ಟ್ರ ಮೈ ಉರಿದುಹೋಯಿತು. ಊರಿಗೆಲ್ಲ ಅರ್ಥ ಹೇಳುವವರಿಗೆ ಅರ್ಥ ಆಗುವುದಿಲ್ಲವಂತೆ, ತಲೆಯ ನಟ್ಟು ಬೇರೆ ಲೂಸಂತೆ. ಫೋನ್ ಕುಕ್ಕಿ, ಸ್ಕ್ರೂಡ್ರೈವರ್ ಹಿಡಿದು ತಾವೇ ಕಣಕ್ಕಿಳಿದರು.

ದೀಪ ನೋಡಿ ಹೇಳುವುದಕ್ಕೆ ಹೆಂಡತಿಯ ಅಪ್ಪ, ಅಂದರೆ ಮಾವ, ಟ್ರೇಲರಿನ ಹಿಂದೆ ನಿಂತರು. ಅವರು ಮೂವತ್ತು ವರ್ಷ ಗೋದಾಮಿನಲ್ಲಿ ಮೂಟೆ ಕಟ್ಟಿದವರು. ಅವರು ಹಾಕಿದ ಗಂಟು ಬಿಚ್ಚಲು ಇನ್ನೊಬ್ಬ ಹುಟ್ಟಿ ಬರಬೇಕು. ಮೇಷ್ಟ್ರು ಬ್ರೇಕ್ ಒತ್ತಿದಾಗಲೆಲ್ಲ ಅವರು ಎಡಗಡೆಯದು ಹತ್ತಿತು ಎನ್ನುತ್ತಿದ್ದರು. ಎರಡು ಗಂಟೆ ಕಾಲ ಎಡಗಡೆಯ ವೈರುಗಳನ್ನು ಬಿಚ್ಚಿ ಕಟ್ಟಿ ಸುಸ್ತಾದ ಮೇಲೆ ಮೇಷ್ಟ್ರು ಇಳಿದು ಬಂದು ನೋಡಿದರೆ, ಹತ್ತುತ್ತಿದ್ದದ್ದು ಬಲಗಡೆಯದು.

"ಟ್ರೇಲರು ನನ್ನ ಕಡೆ ಮುಖ ಮಾಡ್ಕೊಂಡಿದೆಯಲ್ಲ ಅಳಿಯಂದ್ರೇ. ಅದರ ಎಡ ಹೇಳಿದೆ" ಎಂದರು ಮಾವ.

"ಅದು ಮುಖ ಅಲ್ಲ ಮಾವ, ಹಿಂಭಾಗ."

"ಎರಡು ಕಣ್ಣಿರೋದು ಮುಖಾನೇ ತಾನೆ?"

ಮೇಷ್ಟ್ರ ತಾಳ್ಮೆಯ ಕಟ್ಟೆ ಒಡೆಯಿತು. "ಇನ್ಮೇಲೆ ನೀವು ಯೋಚನೆ ಮಾಡಬೇಡಿ ಮಾವ. ಒಂದೂ ಪ್ರಶ್ನೆ ಕೇಳಬೇಡಿ. ನಾನು ಹೇಳಿದಷ್ಟು ಮಾಡಿ, ಸಾಕು."

ಮಾವನ ಮುಖ ಸಣ್ಣದಾಯಿತು. ಆಗಲಿ ಎಂದು ತಲೆಯಾಡಿಸಿದರು.

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕನ್ನಡಕ ಒರೆಸುತ್ತ ಬಂದರು. ತಮ್ಮ ಮನೆಯ ಕರೆಗಂಟೆಯನ್ನು ತಾವೇ ಜೋಡಿಸಿದ ಧೀರರು ಅವರು. ಅಂದಿನಿಂದ ಆ ಗುಂಡಿ ಒತ್ತಿದರೆ ಅಡುಗೆಮನೆಯ ದೀಪ ಆರುತ್ತದೆ. ಅವರು ಟ್ರೇಲರಿಗೆ ಒಂದು ಪ್ರದಕ್ಷಿಣೆ ಹಾಕಿ, ರೋಗ ಇರುವುದು ತಳದ ಹಲಗೆಯ ಕೆಳಗಿನ ವೈರಿನಲ್ಲಿ ಎಂದು ತೀರ್ಪು ಕೊಟ್ಟರು. ಹಲಗೆ ಎಬ್ಬಿಸಬೇಕಾದರೆ ಟ್ರೇಲರ್ ಖಾಲಿಯಾಗಬೇಕು. ಸರಿ, ನಾಲ್ಕೂ ಮಷೀನುಗಳನ್ನು ಏದುಸಿರು ಬಿಡುತ್ತ ಇಳಿಸಿ, ಅವರದೇ ಜಗಲಿಯ ಮೇಲೆ ಸಾಲಾಗಿ ಇಟ್ಟದ್ದಾಯಿತು. ಹಲಗೆ ಎಬ್ಬಿಸಿದರೆ ಕೆಳಗಿನ ವೈರು ಹೊಸದರ ಹಾಗಿತ್ತು. ಪೋಸ್ಟ್‌ಮಾಸ್ಟರು ಹಾಗಾದರೆ ಬೇರೆ ಏನೋ ಇರಬೇಕು ಎಂದು ಮಧ್ಯಾಹ್ನದ ನಿದ್ದೆಗೆ ಹೋದರು. ಮೇಷ್ಟ್ರು ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ಹಲಗೆಗಳನ್ನು ಮತ್ತೆ ಬಡಿದರು.

ಗಂಟೆ ನಾಲ್ಕಾಯಿತು. ಹೆಂಡತಿಯ ಫೋನು ಆರನೆಯ ಸಲ ಬಂತು. ಎತ್ತುವ ಧೈರ್ಯವಾಗದೆ ಮೇಷ್ಟ್ರು ಮಾನ ಬಿಟ್ಟು ಎಲೆಕ್ಟ್ರಿಷಿಯನ್‌ಗೇ ಶರಣಾದರು.

"ಒಪ್ಕೊಂಡೆನಪ್ಪ. ನಂಗೆ ಅರ್ಥ ಆಗಿಲ್ಲ."

"ನಿಮಗಲ್ಲ ಸಾರ್, ಟ್ರೇಲರಿಗೆ. ಅರ್ಥ್, ಅರ್ಥಿಂಗು. ಬಿಳಿ ವೈರು ಅಡಿಯ ಕಬ್ಬಿಣದ ಚಾಸಿಗೆ ಕೂರೋ ಕಡೆ ಒಂದು ನಟ್ಟಿದೆ. ತುಕ್ಕು ಕೆರೆದು ಬಿಗಿ ಮಾಡಿ. ಬೆಳಗ್ಗೆನೇ ಹೇಳಿದ್ನಲ್ಲ."

ಮೇಷ್ಟ್ರು ಫೋನ್ ಜೇಬಿಗೆ ತುರುಕಿದರು. ಆಮೇಲೆ ಟ್ರೇಲರಿನ ಅಡಿಗೆ ನುಸುಳಿ, ತುಕ್ಕು ಕೆರೆದು, ನಟ್ಟು ಬಿಗಿದರು. ಮಲಗಿದಲ್ಲಿಂದಲೇ, "ಮಾವ, ಬೇಗ ಟಾರ್ಪಾಲು ಕಟ್ಟಿ, ಹೊರಡೋಣ" ಎಂದು ಕೂಗಿದರು. ಎದ್ದು ಬಂದು ಜೀಪು ಹತ್ತಿ ಬ್ರೇಕ್ ಒತ್ತಿದರೆ, ಮಾವ ಹಿಂದಿನಿಂದ ಎರಡೂ ಕಣ್ಣು ಕೆಂಪಗೆ ಉರಿಯುತ್ತಿವೆ ಎಂದರು.

ದಾರಿಯುದ್ದಕ್ಕೂ ಮೇಷ್ಟ್ರು ಶಿಳ್ಳೆ ಹಾಕಿದರು. ಜೀಪು ಗಾಳಿಯಲ್ಲಿ ತೇಲಿದ ಹಾಗೆ ಓಡುತ್ತಿತ್ತು. ಮನಸ್ಸು ಹಗುರಾದರೆ ಗಾಡಿಯೂ ಹಗುರ ಎಂದುಕೊಂಡರು. ಮಾವ ಮಾತ್ರ ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿಕೊಂಡರು. ಐದಕ್ಕೆ ಐದು ನಿಮಿಷ ಇರುವಾಗ ಸೇತುವೆ ಬಂತು. ಮೇಷ್ಟ್ರು ಬೇಕೆಂದೇ ಮೂರು ಸಲ ಬ್ರೇಕ್ ಒತ್ತಿದರು. ಪೊಲೀಸಿನವನು ತಲೆದೂಗಿ ಬಿಟ್ಟುಕೊಟ್ಟ. ಅವರು ದಾಟಿದ ಬೆನ್ನಿಗೇ ಅಡ್ಡಗಂಬ ಬಿತ್ತು.

ಹೆಂಡತಿ ಅಂಗಡಿಯ ಬಾಗಿಲಲ್ಲೇ ಇದ್ದಳು. ಎರಡು ದಿನದಲ್ಲಿ ಮೊದಲ ಸಲ ಗಂಡನನ್ನು ನೋಡಿ ನಕ್ಕಳು. ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ಬ್ರೇಕ್ ಒತ್ತಿ ಹಿಡಿದು, ಮೊದಲು ದೀಪ ನೋಡು ಎಂದರು. ಅವಳು ಹಿಂದೆ ಹೋಗಿ ನೋಡಿ, ಚೆನ್ನಾಗಿದೆ ಎಂದು ಒಪ್ಪಿ, ಅಪ್ಪನ ಗಂಟುಗಳ ಜೊತೆ ಸೆಣಸಿ ಟಾರ್ಪಾಲಿನ ಒಂದು ಮೂಲೆ ಎತ್ತಿದಳು.

"ಮಷೀನೆಲ್ಲಿ?"

ಮೇಷ್ಟ್ರು ಮಾವನ ಕಡೆ ತಿರುಗಿದರು.

"ಪೋಸ್ಟ್‌ಮಾಸ್ಟರ ಜಗಲಿ ಮೇಲೆ" ಎಂದರು ಮಾವ. "ಕಟ್ಟಿ ಅಂದ್ರಿ, ಕಟ್ಟಿದೆ. ತುಂಬಿ ಅನ್ನಲಿಲ್ಲ. ಕೇಳೋಣ ಅಂದ್ಕೊಂಡೆ. ಪ್ರಶ್ನೆ ಕೇಳಬೇಡಿ ಅಂದಿದ್ರಲ್ಲ ಅಳಿಯಂದ್ರೇ."

ಹೆಂಡತಿ ಒಮ್ಮೆ ಅಪ್ಪನನ್ನು ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು.

"ಅರ್ಥ ಆಯ್ತು" ಎಂದಳು.

ಮೇಷ್ಟ್ರ ಕಾಲು ಇನ್ನೂ ಬ್ರೇಕಿನ ಮೇಲೇ ಇತ್ತು. ಹಿಂದೆ ಖಾಲಿ ಟ್ರೇಲರಿನ ದೀಪಗಳೆರಡೂ ಒಂದಿಷ್ಟೂ ಮಿಣುಕದೆ ಉರಿಯುತ್ತಿದ್ದವು.