ಸಹಿ ಹಾಕದವಳ ಪಂಚಮಿ

ನಮ್ಮ ವಕೀಲ ಕಾಕಾನ ಕೈಗೆ ಸಿಕ್ಕರೆ ದಾರಿಯಲ್ಲಿ ಹೋಗುವವರೂ ಕಕ್ಷಿದಾರರಾಗಿಬಿಡುತ್ತಿದ್ದರು! ವಿದ್ಯಾನಗರದ ಅವರ ಮನೆಯ ಮಹಡಿಯಲ್ಲಿ ನಾನೂ ನನ್ನ ಗಂಡನೂ ಬಾಡಿಗೆಗಿದ್ದೆವು. ಕಾಕಾ ಎಂದ ಮಾತ್ರಕ್ಕೆ ರಕ್ತಸಂಬಂಧವೇನಿಲ್ಲ, ಊರಿನ ರೂಢಿ.

ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗಳಿಗೂ ವಿದೇಶಿ ಕಂಪನಿಗಳಿಗೂ ಜಗಳ ಹತ್ತಿದರೆ, ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ವಾದಿಸುವುದು ಅವರ ಕಸುಬು. ಅದರಲ್ಲೂ ಒಪ್ಪಂದಕ್ಕೆ ಸಹಿಯನ್ನೇ ಹಾಕದವರನ್ನೂ ಅದಕ್ಕೆ ಬದ್ಧರೆಂದು ಎಳೆತರುವುದರಲ್ಲಿ ಎತ್ತಿದ ಕೈ. ಒಬ್ಬ ವ್ಯಾಪಾರಿ ಸಲಹೆ ಕೇಳಲು ಬಂದ. "ಸಹಿ ಮಾಡಿದಾಂವ ನಮ್ಮಣ್ಣರಿ, ನನಗೇನು ಸಂಬಂಧ?"

"ಮಾತುಕತಿಗೆ ನೀನ ಕುಂತಿ, ಹತ್ತಿ ನೀನ ಕಳಿಸಿದಿ, ಲಾಭಾನೂ ತಿಂದಿ. ಜಗಳಕ್ಕಷ್ಟ ಹೊರಗಿನಾಂವ ಏನು? ನೀನೂ ಬದ್ಧ!"

ಫೀಸು ಕೊಡಲು ಬಂದವನನ್ನೇ ಹೀಗೆ ಹಿಡಿದು ಹಾಕುವುದೇ?

ಮನೆಯಲ್ಲೂ ಇದೇ ಕಾನೂನು. ಹಳೆಯ ಸೋಫಾ ಮಾರುವ ವಿಷಯಕ್ಕೆ ಅವರಿಗೂ ಅವರ ಹೆಂಡತಿ ಕಾಕುವಿಗೂ ವಾದ ನಡೆದಿತ್ತು. ಸಿಲಿಂಡರ್ ತಂದವನು ನೀರು ಕೇಳಿ ಒಂದು ಗಳಿಗೆ ಅದರ ಮೇಲೆ ಕೂತ. "ಕುಂತೀದಿ ಅಂದ್ರ ನಿನಗೂ ಲಾಭ ಆತು. ತೀರ್ಪು ಆಗೂತನಕ ಏಳಂಗಿಲ್ಲ!" ಎಂದರು ಕಾಕಾ. ಪಾಪ, ಆಮೇಲೆ ಆತ ಆ ಮನೆಯಲ್ಲಿ ನಿಂತೇ ನೀರು ಕುಡಿಯುತ್ತಿದ್ದ.

ಗಂಡನಿಗೆ ಕಲಬುರಗಿಗೆ ವರ್ಗವಾಯಿತು. ನಾಗರ ಪಂಚಮಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿ ಜೋಕಾಲಿ ಆಡಿ, ಶೇಂಗಾ ಉಂಡೆ ತಿನ್ನುವ ಸೀಮೆ ನಮ್ಮದು. ನನಗೆ ತವರೇ ಇರಲಿಲ್ಲ. ಅಪ್ಪ ಅವ್ವ ಹೋದ ಮೇಲೆ ಬಾ ಎನ್ನುವವರಿಲ್ಲ. ಸಾಮಾನು ಹೇರುವಾಗ ಕಾಕಾ ಗೇಟಿಗೆ ಅಡ್ಡ ನಿಂತರು.

"ನಮ್ಮನಿ ಜೋಕಾಲಿ ಆಡಿದಿ, ನಮ್ಮನಿ ಉಂಡಿ ತಿಂದಿ. ಮಗಳು ಅಂತ ಎಲ್ಲೂ ಬರಕೊಂಡಿಲ್ಲ ಖರೇ. ಆದ್ರ ಬದ್ಧ! ಪ್ರತಿ ವರ್ಷ ಪಂಚಮಿಗೆ ಬರಬೇಕು. ಮೇಲ್ಮನವಿಗೆ ಅವಕಾಶ ಇಲ್ಲ."

ಗೇಟಿನಲ್ಲಿ ನಕ್ಕೆ, ಬಸ್ಸಿನಲ್ಲಿ ಅತ್ತೆ. ವರ್ಷವರ್ಷವೂ ಹೋದೆ.

ಹೋದ ವರ್ಷ ಕಾಕಾ ತೀರಿಕೊಂಡರು. ಆ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಈಗ ಮತ್ತೆ ಪಂಚಮಿ ಹತ್ತಿರ ಬಂದಿದೆ. ಶೇಂಗಾ ಹುರಿದ ವಾಸನೆ ಎಲ್ಲಿಂದಲೋ ಬಂದರೆ ಸಾಕು, ಆ ಗೇಟು, ಆ ಜೋಕಾಲಿ, "ಬದ್ಧ!" ಎನ್ನುವ ಆ ಗಡಸು ದನಿ ನೆನಪಾಗಿ ಜೀವ ಹಾತೊರೆಯುತ್ತದೆ. ಆದರೆ ತೀರ್ಪು ಕೊಟ್ಟವರು ಕಾಕಾ. ಅವರೇ ಇಲ್ಲದ ಮನೆಗೆ ಯಾವ ಹಕ್ಕಿನಿಂದ ಹೋಗಲಿ?

ನಿನ್ನೆ ಕಾಕು ಫೋನ್ ಮಾಡಿದರು.

"ಉಂಡಿ ಕಟ್ಟಾಕತ್ತೇನಿ. ಎಂದ ಬರ್ತೀ?"

"ಕಾಕು, ಬಾ ಅಂತಿದ್ದವರು ಕಾಕಾ. ಈಗ ಅವರ ಇಲ್ಲಲ್ರಿ..."

ಆ ಕಡೆ ಕಾಕು ಮೂಗು ಎಳೆದುಕೊಂಡು ಗದರಿದರು.

"ಇಷ್ಟ ವರ್ಷ ನಿನಗ ಉಂಡಿ ಕಟ್ಟಿದಾಕಿ ಯಾರವಾ? ನಾ ಬದ್ಧ ಅಲ್ಲೇನು?"