ಹರಿಯದ ಜಾಕೆಟ್ಟು

ಹಿಮದ ಇಳಿಜಾರಿನಲ್ಲಿ ಬೆಳಗಿನ ಮೊದಲ ಜಾರಾಟದಲ್ಲೇ ವೆಂಡೆಲ್ ಕಾಪ್‌ನ ಜಾಕೆಟ್ಟು ಬೆನ್ನುದ್ದಕ್ಕೂ ಬಿರಿಯಿತು. ಬ್ರಿಟಿಷ್ ಕೊಲಂಬಿಯಾದ ಆ ಬೆಟ್ಟದೂರಿನ ಬೇಕರಿಯಲ್ಲಿ ಬನ್ನು ಬೇಯಿಸುವ ವೆಂಡೆಲ್‌ಗೆ ರಜೆ ಬಂತೆಂದರೆ ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವ ಸ್ನೋಬೋರ್ಡೇ ಪ್ರಾಣ. ಮೂರು ಚಳಿಗಾಲದಲ್ಲಿ ಹರಿದದ್ದು ಇದು ಮೂರನೆಯ ಜಾಕೆಟ್ಟು.

“ಎಷ್ಟಾದ್ರೂ ಆಗ್ಲಿ, ಹರೀದೇ ಇರೋದು ಕೊಡಿ” ಎಂದು ಅಂಗಡಿಗೆ ನುಗ್ಗಿದ.

ಅಲ್ಲಿ ಪಕ್ಕದ ಮನೆಯ ಟ್ರೂಡಿ ಇದ್ದಳು. ಅವಳಿದ್ದ ಕಡೆ ಯಾರೂ ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಂಡದ್ದಿಲ್ಲ.

“ಅದು ಬೇಡ ಕಣೋ, ಹೊಲಿಗೇಲಿ ನೀರಿಳಿಯತ್ತೆ. ಇದು ನೋಡು!” ಎಂದು ಕಿತ್ತಳೆ ಬಣ್ಣದ ಜಾಕೆಟ್ಟೊಂದರ ತೋಳು ಹಿಡಿದು, ಇನ್ನೊಂದು ತೋಳನ್ನು ಅಂಗಡಿಯ ಲೋರ್ನ್‌ಗೆ ಕೊಟ್ಟಳು. “ಎಳೀರಿ!”

ಇಬ್ಬರೂ ಹಗ್ಗಜಗ್ಗಾಟಕ್ಕಿಳಿದರು. ಲೋರ್ನ್ ಟೋಪಿಗಳ ರಾಶಿಯ ಮೇಲೆ ಅಂಗಾತ ಬಿದ್ದ. ಜಾಕೆಟ್ಟಿನ ಒಂದೆಳೆಯೂ ಜಗ್ಗಲಿಲ್ಲ. ಎರಡು ತಿಂಗಳ ಸಂಬಳ ಕೊಟ್ಟು ವೆಂಡೆಲ್ ಅದನ್ನು ತೊಟ್ಟ.

ತಂತಿಗೆ ತೂಗುವ ಕುರ್ಚಿಗಳಲ್ಲಿ ಜನರನ್ನು ಬೆಟ್ಟದ ತುದಿಗೆ ಒಯ್ಯುವ ಚೇರ್‌ಲಿಫ್ಟ್ ಹತ್ತುವಾಗ ಜಾಕೆಟ್ಟಿನ ಅಂಚು ಕುರ್ಚಿಯ ಕಂಬಿಗೆ ಸಿಕ್ಕಿತು. ಕುರ್ಚಿ ಮೇಲೇರಿತು, ವೆಂಡೆಲ್ ಒಣಹಾಕಿದ ಬಟ್ಟೆಯಂತೆ ಕೆಳಗೆ ನೇತಾಡತೊಡಗಿದ.

“ನೋಡ್ದಾ! ಹರೀಲೇ ಇಲ್ಲ!” ಕೆಳಗಿನಿಂದ ಟ್ರೂಡಿ ಕೂಗಿದಳು.

“ಅದೇ ಕಣೇ ತೊಂದ್ರೆ ಆಗಿರೋದು!”

ಅವನು ಜಿಪ್ ಎಳೆದು, ತೋಳು ಕಳಚಿಕೊಂಡು, ಎರಡಾಳೆತ್ತರದಿಂದ ಮೆತ್ತನೆಯ ಹಿಮದೊಳಕ್ಕೆ ದೊಪ್ಪೆಂದು ಬಿದ್ದ. ಜಾಕೆಟ್ಟು ಒಂಟಿಯಾಗಿ ಮಂಜಿನೊಳಗೆ ಏರಿಹೋಯಿತು.

“ಮೇಲೆ ಹೋಗಿ ಲಿಫ್ಟಿನೋರಿಗೆ ಹೇಳ್ಬೇಕು, ಜಾಕೆಟ್ಟು ನಂದು ಅಂತ” ಎಂದ ವೆಂಡೆಲ್, ಹಲ್ಲು ಕಟಕಟಿಸುತ್ತ.

“ಯಾಕೆ? ಕುರ್ಚಿ ಸುತ್ತಿ ಇಲ್ಲಿಗೇ ಬರಲ್ವಾ? ಬಾ, ಬಿಸಿ ಸೂಪ್ ಕುಡಿ.” ಅವನನ್ನು ಕ್ಯಾಂಟೀನಿಗೆ ಎಳೆದೊಯ್ದಳು.

ಸೂಪ್ ಅರ್ಧವಾಗುವಷ್ಟರಲ್ಲಿ ಸೈರನ್ ಕೂಗಿತು. ಲಿಫ್ಟ್ ನಿಂತಿತು.

“ಪಾಪ, ಯಾರೋ ಬಿದ್ರು ಅನ್ಸತ್ತೆ” ಎಂದ ವೆಂಡೆಲ್.

ಸ್ವಲ್ಪ ಹೊತ್ತಿಗೆ ಬಾಗಿಲು ದಢಾರನೆ ತೆರೆಯಿತು. ಮೂರು ನಾಯಿಗಳು ನುಗ್ಗಿ ಬಂದವು. ಒಂದು ಅವನ ತೊಡೆಯೇರಿತು, ಇನ್ನೊಂದು ಮುಖ ನೆಕ್ಕಿತು, ಮೂರನೆಯದು ಸೂಪಿಗೆ ಬಾಯಿ ಹಾಕಿತು. ಹಿಂದೆಯೇ ರಕ್ಷಣಾ ತಂಡದ ಹೆಂಗಸು ಏದುಸಿರು ಬಿಡುತ್ತ ಬಂದಳು.

“ಸಿಕ್ಕಿದ! ಜೀವ ಇದೆ! ಕುರ್ಚಿಗೆ ಖಾಲಿ ಜಾಕೆಟ್ಟು ನೇತಾಡ್ತಿದ್ದದ್ದು ನೋಡಿ ನಮ್ಮೆದೆ ಒಡೆದೇ ಹೋಗಿತ್ತು ಕಣಪ್ಪ!”

“ನನ್ನ ಜಾಕೆಟ್ಟು?” ವೆಂಡೆಲ್ ಎದ್ದು ನಿಂತ. “ಎಲ್ಲಿದೆ?”

“ನಾಯಿಗಳಿಗೆ ವಾಸನೆ ತೋರಿಸ್ಬೇಕಿತ್ತಲ್ಲ. ಮೂರು ದಿಕ್ಕಿಗೆ ಮೂರು ನಾಯಿ, ಜಾಕೆಟ್ಟು ಒಂದೇ.” ಅವಳು ಮೂರು ಕಿತ್ತಳೆ ತುಂಡುಗಳನ್ನು ಮೇಜಿನ ಮೇಲಿಟ್ಟು ಹಣೆ ಒರೆಸಿಕೊಂಡಳು. “ಒಳ್ಳೇ ಮಾಲು ಮಾರಾಯಾ. ಕತ್ತರಿಗೆ ಬಗ್ಲೇ ಇಲ್ಲ, ಗರಗಸ ತರಿಸ್ಬೇಕಾಯ್ತು.”