ಕಪ್ಪು ರೆಕಾರ್ಡು, ಬೆಳ್ಳಿ ಸಹಿ

ನನ್ನ ತಂಗಿಯ ಮಗಳು ಭಾವನಾ ಓದುತ್ತಿದ್ದ ಕಾಲೇಜಿನಲ್ಲಿ, ಕಂಪ್ಯೂಟರಿನಲ್ಲಿ ಬರೆದ ಪ್ರೋಗ್ರಾಮನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ರೆಕಾರ್ಡೆಂದು ಬೈಂಡ್ ಮಾಡಿಸಿ, ವಿಭಾಗದ ಮುಖ್ಯಸ್ಥರ ಸಹಿ ಪಡೆಯದ ಹೊರತು ಅದನ್ನು ಪ್ರೋಗ್ರಾಂ ಎಂದು ಪರಿಗಣಿಸತಕ್ಕದ್ದಲ್ಲ. ಸಹಿ ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಸಹಿಗೆ ಕಡೆಯ ದಿನ ಶುಕ್ರವಾರ, ಪರೀಕ್ಷೆ ಸೋಮವಾರ.

ಭಾವನಾಳ ಪ್ರೋಗ್ರಾಂ ಕಚೇರಿಗಳಲ್ಲಿ ಕಾಗದ ಉಳಿಸುವ ಬಗ್ಗೆ. ಎಂಬತ್ತನಾಲ್ಕು ಪುಟ.

ಅವಳು ಕೋಡ್ ಬರೆಯುವ ಎಡಿಟರಿನ ಪರದೆ ಕಡುಗಪ್ಪು. ಮೇಲೆ ಹಳದಿ, ಗಿಳಿಹಸಿರು ಅಕ್ಷರ. ಕಣ್ಣಿಗೆ ತಂಪಂತೆ. ಪ್ರಿಂಟಿಗೆಂದು ಬೇರೆಯೇ ಬಣ್ಣ ಜೋಡಿಸಿದಳು: ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಮುಖ್ಯ ಪದಗಳಿಗೆ ಗಾಢ ನೀಲಿ. ಯಾರು ಬೇಕಾದರೂ ಓದುವಂತಿತ್ತು. ಅದೇ ತಪ್ಪಾಯಿತು.

ಮುಖ್ಯಸ್ಥ ವಿಶ್ವನಾಥ ಮೇಷ್ಟ್ರು, ಜೂನ್‌ನಲ್ಲಿ ಫೈಲಾಗಿದ್ದ ಅವಳ ಪರದೆಯ ಫೋಟೊ ತೆಗೆದು ಪಕ್ಕದಲ್ಲಿಟ್ಟರು.

"ಏನಮ್ಮಾ, ಇಲ್ಲಿ ಕಪ್ಪು, ಅಲ್ಲಿ ಬಿಳಿ. ಬೇರೆಯವರ ಪ್ರಾಜೆಕ್ಟಾ?"

"ಅದೇ ಕೋಡ್ ಸರ್. ಓದಿ ನೋಡಿ."

"ಓದೋ ಕಾಲಂ ಫಾರಂನಲ್ಲಿ ಇಲ್ಲ. 'ಫೋಟೊಗೆ ಹೊಂದಿಕೆ' ಅಂತ ಮಾತ್ರ ಇದೆ."

"ಪರದೇನೂ ಬಿಳಿ ಮಾಡಿಬಿಡ್ತೀನಿ ಸರ್."

"ಫೈಲಾದ ಫೋಟೊ ಬದಲಾಯಿಸೋದು ನನ್ನ ಕೈಲಿಲ್ಲ. ಐದು ಗಂಟೆಯೊಳಗೆ ಕಪ್ಪು ತಾ."

ಮಗು ಅಳುತ್ತಾ ಫೋನ್ ಮಾಡಿತು. ಇನ್ಶೂರೆನ್ಸ್ ಆಫೀಸಿನಲ್ಲಿ ಮೂವತ್ತೆಂಟು ವರ್ಷ, ಎದುರಿಗೆ ನಿಂತವರಿಂದಲೇ ತಾವು ಬದುಕಿರುವುದಕ್ಕೆ ಸರ್ಟಿಫಿಕೇಟು ತರಿಸಿದವನು ನಾನು; ನನಗಿದು ಯಾವ ಮಹಾ! ಮೈಲಾಪೂರಿನ ಕಿಟ್ಟುವಿನ ಜೆರಾಕ್ಸ್ ಅಂಗಡಿಗೆ ಕರೆದೊಯ್ದೆ.

ಪರದೆಯಂತೆಯೇ ಕಪ್ಪು ಹಿನ್ನೆಲೆ ಹಾಕಿ ಪ್ರಿಂಟ್ ಕೊಟ್ಟದ್ದೇ ತಡ, ಕಾಗದ ನೆನೆದು, ಇಂಕು ಹರಡಿ, ಅಕ್ಷರಗಳೆಲ್ಲ ಕಪ್ಪಿನಲ್ಲಿ ಮುಳುಗಿಹೋದವು.

"ಮಾಮಾ, ಇದು ಪ್ರಿಂಟಲ್ಲ, ಹೊಸ ತಾರ್ ರೋಡು," ಅಂದ ಕಿಟ್ಟು, ಮೂರನೇ ಇಂಕಿನ ಬಾಟಲಿ ಸುರಿಯುತ್ತಾ.

"ಎಲ್ಲಾ ಪೋಚ್ಚು, ಹಾಳಾಗ್ಹೋಯ್ತು ಮಾಮಾ! ಒಂದಕ್ಷರಾನೂ ಕಾಣಲ್ಲ," ಅಂದಳು ಭಾವನಾ.

"ಫೋಟೊಗೆ ಹೊಂದುತ್ತೋ ಇಲ್ಲವೋ, ಅಷ್ಟು ಹೇಳು."

ನಾಲ್ಕೂ ಐವತ್ತಕ್ಕೆ ಹಾಜರಾದೆವು. ಮೇಷ್ಟ್ರು ಎಂಬತ್ತನಾಲ್ಕು ಕರಿ ಹಾಳೆಗಳನ್ನೂ ಒಂದೊಂದಾಗಿ ತಿರುವಿದರು. ಬೆರಳು ಕಪ್ಪಾಯಿತು, ಮುಖ ಅರಳಿತು. "ಈಗ ಸರಿಹೋಯ್ತು ನೋಡಮ್ಮಾ!" ಸಹಿ ಹಾಕಿದರು. ಸಹಿ ಕಾಣಲಿಲ್ಲ.

"ಕಾಣದ ಸಹಿ ಊರ್ಜಿತವಲ್ಲ," ಎಂದರು ಗಂಭೀರವಾಗಿ. ಕಾಣದ ಪ್ರೋಗ್ರಾಮಿನ ಬಗ್ಗೆ ಅಂಥ ನಿಯಮವಿರಲಿಲ್ಲ.

ನನ್ನ ಜೇಬಿನಲ್ಲಿ, ಮದುವೆ ಉಡುಗೊರೆಗಳ ಮೇಲೆ ಹೆಸರು ಬರೆಯಲು ಟಿ. ನಗರದಲ್ಲಿ ಕೊಂಡ ಬೆಳ್ಳಿಬಣ್ಣದ ಪೆನ್ನಿತ್ತು. ಕಾಲೇಜು ಉಳಿಯಿತು.

ಹಾಲ್ ಟಿಕೆಟ್ ಬಂತು. ಹೊರಗಿನಿಂದ ಬಂದ ಪರೀಕ್ಷಕರು ರೆಕಾರ್ಡಿನಲ್ಲಿ ಒಂದು ತಪ್ಪೂ ಕಾಣಲಿಲ್ಲವೆಂದು ನೂರಕ್ಕೆ ನೂರು ಕೊಟ್ಟರು. ಮರುವಾರ ಸುತ್ತೋಲೆ: "ಇನ್ನು ಮುಂದೆ ಎಲ್ಲ ರೆಕಾರ್ಡುಗಳೂ ಇದೇ ಮಾದರಿಯಲ್ಲಿರತಕ್ಕದ್ದು. ಬೆಳ್ಳಿ ಪೆನ್ನನ್ನು ವಿದ್ಯಾರ್ಥಿಗಳೇ ತರತಕ್ಕದ್ದು." ಕಿಟ್ಟು ಈಗ ರೆಡಿಮೇಡ್ ಕರಿ ರೆಕಾರ್ಡು ಇಟ್ಟಿದ್ದಾನೆ, ಕೋಡ್ ಬರೆಯುವ ತಾಪತ್ರಯವಿಲ್ಲ.

ಭಾವನಾ ಈಗ ಅದೇ ಕಾಲೇಜಿನಲ್ಲಿ ಮೇಡಂ. ಮೊನ್ನೆ ಸಂಹಿತಾ ಅನ್ನುವ ವಿದ್ಯಾರ್ಥಿನಿ, ತಾನೇ ಬರೆದ ಕೋಡನ್ನು ಬಿಳಿ ಹಾಳೆಯಲ್ಲಿ ಅಚ್ಚುಕಟ್ಟಾಗಿ ಪ್ರಿಂಟ್ ಮಾಡಿ ತಂದಳಂತೆ. ನಮ್ಮ ಮಗು ಪುಟ ತಿರುವಿ, ಕನ್ನಡಕ ಸರಿಮಾಡಿಕೊಂಡು ಕೇಳಿತಂತೆ:

"ಏನಮ್ಮಾ, ಬೇರೆಯವರ ಪ್ರಾಜೆಕ್ಟಾ?"